ಗ್ರಿಡ್ ಕಾಕಾನ ಲೋಡ್ ವಹಿ

ಚಹಾದ ಲೋಟ ತೆಗೆದುಕೊಳ್ಳುವಾಗಲೂ ಅವರ ಎಡಗೈ ಬೆನ್ನ ಹಿಂದೆಯೇ ಇರುತ್ತಿತ್ತು. ಮದುವೆಮನೆಯಲ್ಲಿ ಬಡಿಸಲು ನಿಂತರೂ ಅಷ್ಟೇ. ಬಲಗೈಯಲ್ಲಿ ಸೌಟು, ಎಡಗೈ ಬೆನ್ನಿಗೆ, ಸಾರಿನ ಬಕೆಟ್ ಹಿಡಿಯುವುದಕ್ಕೆ ಇನ್ನೊಬ್ಬ ಬೇಕು. ಗ್ರಿಡ್ ಕಾಕಾ ಬಡಿಸಲು ಬಂದರೆ ಒಂದು ಪಂಕ್ತಿಗೆ ಎರಡಾಳು ಖರ್ಚು ಎಂದು ನಮ್ಮ ಕೇರಿಯವರು ನಗುತ್ತಿದ್ದರು. ಕರೆಂಟಿನ ಕೆಲಸದಲ್ಲಿ ಎರಡೂ ಕೈ ಒಟ್ಟಿಗೆ ಮುಂದೆ ಚಾಚಬಾರದು, ಒಂದು ಕೈಗೆ ಹೊಡೆದದ್ದು ಎದೆ ದಾಟಿ ಇನ್ನೊಂದು ಕೈಗೆ ಹೋಗುತ್ತದೆ ಎಂದು ಅವರು ಕೆಲಸಕ್ಕೆ ಸೇರಿದ ದಿನ ಯಾರೋ ಹಳೆಯ ಮೇಸ್ತ್ರಿ ಹೇಳಿದ್ದನಂತೆ. ಅವತ್ತು ಹಿಂದೆ ಹೋದ ಕೈ ನಿವೃತ್ತಿಯ ಮೇಲೂ ಮುಂದೆ ಬರಲಿಲ್ಲ.

ಊರ ಹೊರಗಿನ ವಿದ್ಯುತ್ ಉಪಕೇಂದ್ರಕ್ಕೆ ನಮ್ಮಲ್ಲಿ ಗ್ರಿಡ್ ಎನ್ನುತ್ತಾರೆ. ಅವರು ಅಲ್ಲಿ ಆಪರೇಟರ್. ಮೂಲ ಗುಡ್ನಾಪುರ, ಯಲ್ಲಾಪುರದಲ್ಲಿ ಕೆಲವು ವರ್ಷ, ಸಿದ್ದಾಪುರದಲ್ಲಿ ಕೆಲವು ವರ್ಷ ದುಡಿದು ಕೊನೆಗೆ ಶಿರಸಿಗೆ ಬಂದವರು. ಹೆಸರು ಬರೆಯುವುದಿಲ್ಲ. ಅವರ ಹೆಸರಿನ ಮೇಲೆ ಒಮ್ಮೆ ನಾನೇ ಚೀಟಿ ಅಂಟಿಸಿದ್ದೇನೆ. ಅದೇ ಕೈಯಿಂದ ಈಗ ದೊಡ್ಡ ಅಕ್ಷರದಲ್ಲಿ ಬರೆದರೆ ಅದೂ ಒಂದು ನಾಟಕವೇ ಆದೀತು. ಅವರು ತೀರಿಕೊಂಡು ಎರಡು ತಿಂಗಳಾಯಿತು.

ನಾನು ಆಗ ಶಿರಸಿಯ ಒಂದು ಸಹಕಾರಿ ಬ್ಯಾಂಕಿನ ಸಾಲ ವಿಭಾಗದಲ್ಲಿದ್ದೆ. ಸಿದ್ದಾಪುರದಿಂದ ದಿನಾ ಬಸ್ಸಿಗೆ ಓಡಾಡಿ ಸಾಕಾಗಿ ಅವರ ಪಕ್ಕದ ಮನೆಯನ್ನು ಬಾಡಿಗೆಗೆ ಹಿಡಿದಿದ್ದೆ. ಓದಿದ್ದು ಹಣಕಾಸಿನ ಎಂಬಿಎ. ಮಾಡುತ್ತಿದ್ದದ್ದು ಅರ್ಜಿಗಳಿಗೆ ಮೊಹರು ಒತ್ತುವ ಕೆಲಸ. ಜೊತೆಗೆ ಓದಿದವನೊಬ್ಬ ಮುಂಬಯಿಯಲ್ಲಿ ವಿದ್ಯುತ್ ವ್ಯಾಪಾರದ ಕಂಪನಿ ಸೇರಿದ್ದ. ನಾಳೆಯ ಕರೆಂಟನ್ನು ಇವತ್ತೇ ಕೊಳ್ಳುವುದು, ಮಾರುವುದು. ದಿನವನ್ನು ಕಾಲು ಕಾಲು ಗಂಟೆಯ ತೊಂಬತ್ತಾರು ತುಂಡು ಮಾಡಿ, ತುಂಡು ತುಂಡಿಗೂ ಬೇರೆ ದರ. ಕೇಳಿದಾಗ ನನಗೆ ಹೊಟ್ಟೆಕಿಚ್ಚಾಯಿತು, ಆಸೆಯೂ ಆಯಿತು. ದರ ಎಂದರೆ ನನಗೆ ಗೊತ್ತಿಲ್ಲದ್ದೇ? ಅಡಿಕೆ ಟೆಂಡರಿನ ಊರಿನವನು ನಾನು.

ಆ ಸೊಕ್ಕಿನಲ್ಲೇ ಅಂಥದೇ ಒಂದು ಕಂಪನಿಯ ಮೊದಲ ಸಂದರ್ಶನಕ್ಕೆ ಮುಂಬಯಿಗೆ ಹೋದೆ. ನಾಳೆ ಮಧ್ಯಾಹ್ನ ದರ ಬೀಳುತ್ತದೆ, ನಿಮ್ಮ ಹತ್ತಿರ ಕರೆಂಟು ಹೆಚ್ಚಿಗೆ ಉಳಿದಿದೆ, ಏನು ಮಾಡುತ್ತೀರಿ ಎಂದು ಕೇಳಿದರು. ಶಿರಸಿ ಸೀಮೆಯ ಯಾರನ್ನು ಕೇಳಿದರೂ ಹೇಳುವ ಉತ್ತರವನ್ನೇ ಹೇಳಿದೆ: ಮಾರುವುದಿಲ್ಲ, ದರ ಏರುವವರೆಗೆ ಇಟ್ಟುಕೊಳ್ಳುತ್ತೇನೆ. ಎದುರಿಗೆ ಕುಳಿತ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲಿ ಇಡುತ್ತೀರಿ ಎಂದು ಒಬ್ಬರು ಮೆಲ್ಲಗೆ ಕೇಳಿದರು. ನನ್ನ ಹತ್ತಿರ ಜಾಗವಿರಲಿಲ್ಲ.

ಊರಿಗೆ ಬಂದು ಕಟ್ಟೆಯ ಮೇಲೆ ಮುಖ ಇಳಿಬಿಟ್ಟು ಕುಳಿತಾಗ ಕಾಕಾ ವಿಚಾರಿಸಿದರು. ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಎಡಗೈ ಮಾತ್ರ ಬೆನ್ನಲ್ಲೇ ಇತ್ತು.

"ಅಟ್ಟದ ಮ್ಯಾಲ ಇಡಾಂವಿದ್ದೇನ ತಮ್ಮಾ? ಗೋಣಿಚೀಲದಾಗ ತುಂಬಿ?"

ಆಮೇಲೆ ನಗು ನಿಲ್ಲಿಸಿ, ತಪ್ಪು ನಿನ್ನದಲ್ಲ, ನೀನು ದರ ಕಲಿತಿದ್ದೀಯ, ಕರೆಂಟು ಕಲಿತಿಲ್ಲ ಎಂದರು. ನಾಳೆ ಐದು ಗಂಟೆಗೆ ಚಹಾಕ್ಕೆ ಬಾ ಎಂದರು. ಹೀಗೆ ಶುರುವಾಯಿತು ನನ್ನ ಶಾಲೆ. ಆರೇಳು ತಿಂಗಳು ನಡೆಯಿತು. ನನ್ನ ಎಂಬಿಎ ಎರಡು ವರ್ಷದಲ್ಲಿ ಕಲಿಸಿದ್ದಕ್ಕಿಂತ ಹೆಚ್ಚನ್ನು ಆ ಮನುಷ್ಯ ಜಗಲಿಯ ಮೇಲೆ ಚುರುಮುರಿ ತಿನ್ನುತ್ತಾ ಕಲಿಸಿದರು. ಅವರ ಹೆಂಡತಿ, ನಾನು ಕಾಕು ಎನ್ನುತ್ತಿದ್ದೆ, ಒಳಗಿನಿಂದ ಚುರುಮುರಿ ತುಂಬಿದ ಬುಟ್ಟಿ ತಂದಿಡುತ್ತಾ, ಇವರ ಕರೆಂಟಿನ ಪುರಾಣ ಕೇಳುವುದಕ್ಕೂ ಒಬ್ಬ ಸಿಕ್ಕನಲ್ಲ ಎನ್ನುತ್ತಿದ್ದರು.

ಅವರ ಪಠ್ಯಪುಸ್ತಕ ಒಂದು ವಹಿ. ಗ್ರಿಡ್ಡಿನಲ್ಲಿ ತಾಸಿಗೊಮ್ಮೆ ಯಾವ ಲೈನಿನಲ್ಲಿ ಎಷ್ಟು ಲೋಡ್ ಎಂದು ಬರೆದಿಡುವುದು ಆಪರೇಟರನ ಕೆಲಸ. ಅದನ್ನು ಎಲ್ಲರೂ ಬರೆಯುತ್ತಾರೆ. ಇವರು ಮನೆಗೆ ಬಂದು, ಅವತ್ತು ಲೋಡು ಯಾಕೆ ಏರಿತು, ಯಾಕೆ ಇಳಿಯಿತು ಎಂಬುದನ್ನು ತಮ್ಮ ಸ್ವಂತ ವಹಿಯಲ್ಲಿ ಬರೆಯುತ್ತಿದ್ದರು. ಹಳೆಯವನ್ನೆಲ್ಲ ಒರಲೆ ತಿನ್ನಲು ಹತ್ತಿದಾಗ, ಎಲ್ಲದರ ಸಾರವನ್ನು ಒಂದು ದಪ್ಪ ವಹಿಗೆ ಇಳಿಸಿದ್ದರು. ಬಲತುದಿಯ ಅಂಕಣಕ್ಕೆ ಷರಾ ಎಂದು ತಲೆಬರಹ. ಹಳೆಯ ಕಚೇರಿಗಳ ಮಾತು ಅದು. ಅಂಕಿಗಳಲ್ಲಿ ಹಿಡಿಸದ, ಆದರೆ ಹೇಳಲೇಬೇಕಾದ ಮಾತನ್ನು ಬರೆಯುವ ಜಾಗ.

ಆ ಷರಾಗಳು ಇವತ್ತಿಗೂ ಬಾಯಿಗೆ ಬರುತ್ತವೆ. 'ಗುಡ್ನಾಪುರ ಕೆರೆ ತುಂಬಿದೆ, ಪಂಪು ಇನ್ನೂ ಹದಿನೈದು ದಿನ ಇಲ್ಲ.' 'ಲಾರಿ ಮುಷ್ಕರ, ಕಿರವತ್ತಿ ಧಾಬಾ ಎಲ್ಲ ಬಂದ್, ಲೈನು ತಣ್ಣಗಿದೆ.' 'ಸಿದ್ದಾಪುರ ಕಡೆ ಅಡಿಕೆ ಸುಲಿಯುವ ಯಂತ್ರ ಶುರು, ಬೆಳಗಿನ ಲೋಡ್ ಏರುತ್ತದೆ.' 'ಹತ್ತನೇ ಈಯತ್ತೆ ಪರೀಕ್ಷೆ ಮುಗಿಯಿತು.' ಇನ್ನೊಂದು, ನನ್ನ ಹಣೆಬರಹವನ್ನೇ ಬದಲಿಸಿದ್ದು: 'ಸೂರ್ಯಗ್ರಹಣ. ಹಿಡಿದಾಗ ಲೋಡ್ ಇಲ್ಲ, ಯಾರೂ ಒಲೆ ಹಚ್ಚುವುದಿಲ್ಲ. ಮೋಕ್ಷದ ಮೇಲೆ ಎಲ್ಲರ ಸ್ನಾನ, ಅಡಿಗೆ. ಗೀಸರ್ ಮಿಕ್ಸರ್ ಒಮ್ಮೆಲೇ. ತಯಾರಿರಬೇಕು.'

ಲೋಡ್ ಎಂದರೆ ಅಂಕಿ ಎಂದುಕೊಂಡಿದ್ದ ನನಗೆ ಅದು ಜನ ಎಂದು ತೋರಿಸಿದವರು ಅವರು. ಕರೆಂಟು ಹೋದರೆ ಕೇರಿಯವರೆಲ್ಲ ಕರೆಂಟು ಹೋಯಿತು ಎಂದರೆ, ಇವರು ಮಾತ್ರ ಹೊರಗೆ ಬಂದು ಒಂದು ಕ್ಷಣ ಕಿವಿಗೊಟ್ಟು ನಿಂತು, ಇಂಥ ಲೈನು, ಇಂಥ ಕಡೆ ಮರ ಬಿದ್ದಿರಬೇಕು ಎನ್ನುತ್ತಿದ್ದರು. ಹತ್ತಕ್ಕೆ ಎಂಟು ಸಲ ಸರಿ. ತಪ್ಪಿದ ಎರಡು ಸಲವನ್ನೂ ವಹಿಯಲ್ಲಿ ಬರೆಯುತ್ತಿದ್ದರು.

ಅವರ ಇನ್ನೊಂದು ಹುಚ್ಚು ಎಲ್‌ಸಿ. ಲೈನ್‌ಮನ್ ಕಂಬ ಹತ್ತುವ ಮೊದಲು ಗ್ರಿಡ್ಡಿಗೆ ಬಂದು, ಲೈನು ಬಂದ್ ಮಾಡಿಸಿ, ಸಹಿ ಮಾಡಿ ಹೋಗುತ್ತಾನೆ. ಅದಕ್ಕೆ ಲೈನ್ ಕ್ಲಿಯರ್, ಎಲ್‌ಸಿ ತಗೊಳ್ಳುವುದು ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಅದೇ ಮನುಷ್ಯ ಬಂದು ವಾಪಸ್ ಕೊಟ್ಟು ಸಹಿ ಮಾಡುವವರೆಗೆ ಆ ಲೈನನ್ನು ಯಾರೂ ಚಾಲೂ ಮಾಡುವ ಹಾಗಿಲ್ಲ. ಒಮ್ಮೆ ಊರಿನ ದೊಡ್ಡ ಕುಳದ ಮನೆಯಲ್ಲಿ ಮದುವೆ, ಮುಹೂರ್ತದ ಹೊತ್ತು, ಮೈಕು ಫ್ಯಾನು ಎಲ್ಲ ಬಂದ್. ಕೆಲಸ ಮುಗಿದಿದೆ, ಲೈನ್‌ಮನ್ ಇಳಿದಿದ್ದಾನೆ ಎಂದು ಅವನ ಜೊತೆಗಾರನೇ ಫೋನ್ ಮಾಡಿದ. ಕಾಕಾ ಹಾಕಲಿಲ್ಲ. ಮದುವೆಯವರು ಗ್ರಿಡ್ಡಿಗೇ ಬಂದು ಬೈದರು. ಆಗಲೂ ಹಾಕಲಿಲ್ಲ. ಒಂದೂವರೆ ತಾಸಿನ ಮೇಲೆ ಲೈನ್‌ಮನ್ ಬಂದ. ಫೋನು ಬಂದ ಹೊತ್ತಿಗೆ ಅವನು ಇನ್ನೊಂದು ಕಂಬದ ಮೇಲಿದ್ದನಂತೆ, ಜೊತೆಗಾರನಿಗೆ ಗೊತ್ತಿರಲಿಲ್ಲ.

"ಕಂಬದ ಮ್ಯಾಲಿರಾಂವ ಇಳದೇನಿ ಅಂತ ತಾನ ಬಂದು ಹೇಳಬೇಕ ತಮ್ಮಾ. ಅವನ ಪರವಾಗಿ ದೇವರ ಬಂದ್ರೂ ನಾ ಹಾಕಾಂವಲ್ಲ. ತಗೊಂಡಾಂವನ ವಾಪಸ್ ಕೊಡಬೇಕು."

ಈ ನಿಯಮ ಮನೆಗೂ ಬಂದಿತ್ತು. ಕೇರಿಯವರು ಏಣಿ ಕೇಳಿದರೂ, ಕೊಡೆ ಕೇಳಿದರೂ, ಎಲ್‌ಸಿ ತಗೊಳ್ಳಿ ಎಂದು ಒಂದು ಶಾಲೆಯ ನೋಟ್‌ಬುಕ್ ಮುಂದಿಡುತ್ತಿದ್ದರು. ವಸ್ತು, ಒಯ್ದವರು, ಒಯ್ದ ವೇಳೆ, ತಂದ ವೇಳೆ, ಷರಾ. ತಂದುಕೊಟ್ಟಾಗ ಒಯ್ದವರೇ ಆ ಸಾಲಿಗೆ ಕೆಂಪು ಗೆರೆ ಎಳೆಯಬೇಕು. ಇಡ್ಲಿ ಪಾತ್ರೆಗೂ ಸಹಿ ಹಾಕಿಸಿಕೊಳ್ಳುತ್ತಾರೆ ಎಂದು ಹೆಂಗಸರು ಕಾಕುವಿನ ಎದುರೇ ಆಡಿಕೊಳ್ಳುತ್ತಿದ್ದರು. ಒಂದು ಸಾಲಿನ ಷರಾ ನೋಡಿದ್ದೆ: 'ಏಣಿ. ಒಂದು ಮೆಟ್ಟಿಲು ಮುರಿದಿದೆ. ಹೇಳಿದರು.' ಮುರಿದದ್ದರ ಬಗ್ಗೆ ಅವರಿಗೆ ತಕರಾರಿರಲಿಲ್ಲ, ಹೇಳಿದರಲ್ಲ, ಅಷ್ಟು ಸಾಕಿತ್ತು.

ಮುಂಬಯಿಯ ಇನ್ನೊಂದು ಕಂಪನಿಯಿಂದ ಎರಡನೇ ಸಂದರ್ಶನದ ಕರೆ ಬಂದಾಗ, ಪ್ರಯಾಣದಲ್ಲಿ ಓದಿಕೊಳ್ಳಲು ಲೋಡ್ ವಹಿ ಬೇಕೆಂದು ಕೇಳಿದೆ. ಯಾರಿಗೂ ಹೊರಗೆ ಕೊಟ್ಟದ್ದಲ್ಲ. ಆದರೂ ಅವರು ಒಳಗಿಂದ ತಂದರು, ನೋಟ್‌ಬುಕ್ಕಿನಲ್ಲಿ ಸಹಿ ಹಾಕಿಸಿಕೊಂಡರು. ಗೆದ್ದು ಬಾ, ಬಂದ ಮೇಲೆ ಗೆರೆ ಹೊಡಿ ಎಂದರು.

ಹೊರಡುವ ಹಿಂದಿನ ದಿನ ಬ್ಯಾಂಕಿನಿಂದ ಬರುವಾಗ ಸ್ಟೇಶನರಿ ಅಂಗಡಿಯಲ್ಲಿ ನಿಂತು ಬಿಳಿಯ ಹೆಸರಿನ ಚೀಟಿಗಳ ಒಂದು ಹಾಳೆ ಕೊಂಡೆ. ಯಾಕೆ ಕೊಳ್ಳುತ್ತಿದ್ದೇನೆಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಅದು ಸುಳ್ಳು. ವಹಿಯ ರಟ್ಟಿನ ಮೇಲೆ ಅವರ ಹೆಸರು ನೀಲಿ ಶಾಯಿಯಲ್ಲಿ ದುಂಡಗೆ ಇತ್ತು. ಅದರ ಮೇಲೆ ಚೀಟಿ ಹಚ್ಚಿ ನನ್ನ ಹೆಸರು ಬರೆದೆ.

ಸಂದರ್ಶನದಲ್ಲಿ, ಗ್ರಹಣದ ದಿನ ಮಾರುಕಟ್ಟೆಯಲ್ಲಿ ಏನಾಗುತ್ತದೆ ಎಂದು ಕೇಳಿದರು. ನನಗಿಂತ ಮೊದಲು ಬಂದವರೆಲ್ಲ ಸೋಲಾರ್ ಉತ್ಪಾದನೆ ಕುಸಿಯುವುದನ್ನು ಹೇಳಿದ್ದರಂತೆ. ನಾನು ಅದನ್ನು ಹೇಳಿ, ನಮ್ಮ ಜನ ಮೋಕ್ಷವಾಗುವವರೆಗೆ ಒಲೆ ಹಚ್ಚುವುದಿಲ್ಲ, ಮೋಕ್ಷದ ಮೇಲೆ ಎಲ್ಲರೂ ಒಟ್ಟಿಗೆ ಸ್ನಾನಕ್ಕೆ ಇಳಿಯುತ್ತಾರೆ, ಆ ಎರಡು ಮೂರು ತುಂಡಿಗೆ ಮೊದಲೇ ಕೊಂಡಿಟ್ಟಿರಬೇಕು ಎಂದೆ. ನಡುವೆ ಕುಳಿತಿದ್ದವರು, ಮುಂದೆ ನನ್ನ ಸಾಹೇಬರಾದವರು, ಮುಂದಕ್ಕೆ ಬಾಗಿದರು. ಇದನ್ನು ಎಲ್ಲಿ ಕಲಿತಿರಿ ಎಂದರು.

ಒಂದು ಹೆಸರು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ಕೆಲಸ ಕೊಡುತ್ತಿರಲಿಲ್ಲ ಎಂದೇನೂ ಅಲ್ಲ. ನಾನು ಚೀಲದಿಂದ ವಹಿ ತೆಗೆದು ಮೇಜಿನ ಮೇಲಿಟ್ಟು, ಮೂರು ತಾಲೂಕು ಸುತ್ತಿ ನಾನೇ ಮಾಡಿದ ಅಧ್ಯಯನ ಎಂದೆ. ಕೈಬರಹ ಕನ್ನಡದಲ್ಲಿತ್ತು, ಅವರಿಗೆ ಓದಲು ಬರುತ್ತಿರಲಿಲ್ಲ. ಪುಟ ತಿರುವಿ ತಲೆದೂಗಿದರು. ಕೆಲಸ ಸಿಕ್ಕಿತು. ಸೇರಿದ ದಿನ ಸಾಹೇಬರು ವಹಿಯನ್ನು ಕೇಳಿ ಪಡೆದು, ಹೊಸಬರಿಗೆ ತೋರಿಸಲು ಬೇಕು ಎಂದು ತಮ್ಮ ಕೋಣೆಯ ಕಪಾಟಿನಲ್ಲಿಟ್ಟರು.

ಊರಿಗೆ ಬಂದಾಗ ಪೇಡೆಯ ಡಬ್ಬಿ ಹಿಡಿದು ಕಾಕಾನ ಮನೆಗೆ ಹೋದೆ. ಅವರು ಸಂತೋಷದಲ್ಲಿ ಎರಡೂ ಕೈ ಮುಂದೆ ಚಾಚಿ ನನ್ನ ಭುಜ ಹಿಡಿದರು. ಅವರ ಎಡಗೈ ಮುಂದೆ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ವಹಿ ಎಲ್ಲಿ ಎಂದು ಕೇಳಲಿಲ್ಲ. ಮುಂದಿನ ಸಲ ತರ್ತೆ ಎಂದು ನಾನೇ ಹೇಳಿದೆ. ಸಾವಕಾಶ ತಾ ಎಂದರು.

ಮುಂದಿನ ಸಲ ಬರಲಿಲ್ಲ. ಅಂದರೆ ನಾನು ಊರಿಗೆ ಬಂದೆ, ಆ ಕೇರಿಗೆ ಹೋಗಲಿಲ್ಲ.

ಮೂರು ವರ್ಷದ ಮೇಲೆ ಒಂದು ಬೆಳಿಗ್ಗೆ ಕಾಕಾನ ಫೋನ್ ಬಂತು. ಅವರ ನಿವೃತ್ತಿ ಹತ್ತಿರ ಬಂದಿತ್ತು. ಹುಬ್ಬಳ್ಳಿಯಲ್ಲಿ ಹೊಸದಾಗಿ ಶುರುವಾದ ಒಂದು ಖಾಸಗಿ ಕಂಪನಿಗೆ, ನಾಳೆ ಎಷ್ಟು ಕರೆಂಟು ಬೇಕಾದೀತು ಎಂದು ಅಂದಾಜು ಹೇಳುವ ಅನುಭವಸ್ಥರು ಬೇಕಾಗಿದ್ದರು. ಯಾರೋ ಇವರ ಹೆಸರು ಹೇಳಿದ್ದರು. ನೀವು ಮಾಡಿದ್ದು ಏನಾದರೂ ಇದ್ದರೆ ತನ್ನಿ, ನೋಡುತ್ತೇವೆ ಎಂದಿದ್ದರಂತೆ.

"ನಂದ ಐಟಿಐ ನೋಡ ತಮ್ಮಾ, ತೋರಸಾಕ ಮತ್ತೇನೈತಿ? ಆ ವಹಿ ಒಂದ. ಸೋಮವಾರದೊಳಗ ಬಂದ್ರ ಸಾಕು."

ಸಾಹೇಬರ ಕೋಣೆ ನನ್ನ ಕುರ್ಚಿಯಿಂದ ಇಪ್ಪತ್ತು ಹೆಜ್ಜೆ. ಗಾಜಿನ ಬಾಗಿಲಿನಾಚೆ ಕಪಾಟಿನಲ್ಲಿ ವಹಿಯ ಬೆನ್ನು ಕಾಣುತ್ತಿತ್ತು. ಹೋಗಿ ಕೇಳಿದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಹೇಳಬೇಕಾಗುತ್ತದೆ. ಮೂರು ವರ್ಷದಲ್ಲಿ ಆ ವಹಿಯ ಮೇಲೆ ನಾನು ಎರಡು ಬಡ್ತಿ ಕಟ್ಟಿಕೊಂಡಿದ್ದೆ, ಹೊಸಬರಿಗೆ ಅದನ್ನು ತೋರಿಸಿ ಭಾಷಣ ಮಾಡಿದ್ದೆ. ಫೋನಿನಲ್ಲಿ ನಾನು ಅಂದದ್ದು ಒಂದೇ ಮಾತು.

"ಹುಡುಕ್ತೆ ಕಾಕಾ."

ಹುಡುಕು ಹುಡುಕು, ಅವಸರ ಮಾಡಬೇಡ, ಎಲ್ಲಿ ಹೋಗುತ್ತದೆ ಎಂದು ಅವರೇ ನನಗೆ ಸಮಾಧಾನ ಹೇಳಿ ಫೋನ್ ಇಟ್ಟರು. ಸೋಮವಾರ ಬಂತು, ಹೋಯಿತು. ನಾನು ಫೋನ್ ಮಾಡಲಿಲ್ಲ. ಅವರೂ ಮತ್ತೆ ಮಾಡಲಿಲ್ಲ.

ಒಮ್ಮೆ ಮಾತ್ರ ಎದುರಾದರು, ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ. ನಾನು ಸಿದ್ದಾಪುರದ ಬಸ್ಸಿನ ಕಿಟಕಿಯಲ್ಲಿ ಕುಳಿತಿದ್ದೆ. ಅವರು ಬನವಾಸಿ ಕಡೆಯ ಬಸ್ಸಿಗೆ ನಿಂತಿದ್ದರು, ಎಡಗೈ ಬೆನ್ನಿಗೆ. ಗುರುತು ಹಿಡಿದು ಎರಡು ಹೆಜ್ಜೆ ಮುಂದೆ ಬಂದರು. ನಾನು ಬೂಟಿನ ದಾರ ಕಟ್ಟುವವನ ಹಾಗೆ ಬಗ್ಗಿದೆ. ಅವತ್ತು ನಾನು ಹಾಕಿದ್ದು ಚಪ್ಪಲಿ. ಎಷ್ಟು ಹೊತ್ತು ಬಗ್ಗಿರಲಾಗುತ್ತದೆ? ತಲೆ ಎತ್ತಿದಾಗ ಅವರು ನನ್ನ ಕಡೆ ಬೆನ್ನು ಮಾಡಿ ವೇಳಾಪಟ್ಟಿಯ ಫಲಕ ಓದುತ್ತಿದ್ದರು. ಆ ಬಸ್ಸುಗಳ ವೇಳೆ ಅವರಿಗೆ ಬಾಯಿಪಾಠ ಬರುತ್ತಿತ್ತು. ನನಗೆ ಮುಜುಗರವಾಗದಿರಲಿ ಎಂದು ಓದುತ್ತಿದ್ದರು.

ಅವರು ಹೋದ ಸುದ್ದಿಯನ್ನು ಬ್ಯಾಂಕಿನ ಹಳೆಯ ಸಹೋದ್ಯೋಗಿ ತಿಳಿಸಿದ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಅವತ್ತೇ ಎದ್ದು ಸಾಹೇಬರ ಕೋಣೆಗೆ ಹೋದೆ. ಏನು ಕೇಳಿದರೂ ಹೇಳಿಬಿಡುವುದೆಂದು ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ವಹಿ ಬೇಕಿತ್ತು ಎಂದೆ. ಅವರು ಕಂಪ್ಯೂಟರಿನಿಂದ ಕಣ್ಣು ಕೀಳದೆ, ಯಾವ ವಹಿ ಎಂದರು. ತೋರಿಸಿದೆ. ಓ ಅದಾ, ಒಯ್ಯಿರಿ, ಕಪಾಟು ಖಾಲಿ ಮಾಡಿಸಬೇಕಂತಲೇ ಇದ್ದೆ ಎಂದರು. ಅಷ್ಟೇ. ಇಷ್ಟು ವರ್ಷ ನಾನು ಹೆದರಿದ್ದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಆ ಸೋಮವಾರದ ಮೊದಲು ಕೇಳಿದ್ದರೂ ಹೀಗೇ ಕೊಟ್ಟುಬಿಡುತ್ತಿದ್ದರು. ಇದನ್ನು ನೆನೆದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಊರಿಗೆ ಹೊರಟ ಬಸ್ಸಿನಲ್ಲಿ ಚೀಟಿಯನ್ನು ಉಗುರಿನಿಂದ ಕೀಳಲು ಹೋದೆ. ನನ್ನ ಹೆಸರು ಬಂತು, ಅದರ ಜೊತೆ ರಟ್ಟಿನ ಸಿಪ್ಪೆ ಎದ್ದು ಅವರ ಹೆಸರೂ ಬಂತು. ಕೊನೆಯ ಎರಡು ಅಕ್ಷರ ಮಾತ್ರ ಉಳಿದವು.

ಕಾಕು ಜಗಲಿಯಲ್ಲಿ ಅವರೆಕಾಳು ಬಿಡಿಸುತ್ತಿದ್ದರು. ಅತ್ತರು, ನನ್ನನ್ನು ಕೂರಿಸಿದರು, ಚಹಾ ಮಾಡಿದರು. ಹುಬ್ಬಳ್ಳಿಯ ಸುದ್ದಿ ಅವರ ಬಾಯಿಂದಲೇ ಗೊತ್ತಾಯಿತು. ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬರಿಗೈಯಲ್ಲಿ ಹೋಗಿದ್ದರಂತೆ. ಡಿಗ್ರಿ ಏನು ಎಂದು ಕೇಳಿದರಂತೆ. ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡು, ತಿಳಿಸುತ್ತೇವೆ ಎಂದರಂತೆ. ತಿಳಿಸಲಿಲ್ಲ. ಸಂಬಳದ ಆಸೆ ಅವರಿಗೆ ಇರಲಿಲ್ಲ, ಒಮ್ಮೆಯಾದರೂ ಅಂಥ ಕಂಪನಿಯ ದೊಡ್ಡ ಪರದೆಯ ಮುಂದೆ ಕೂತು ನಾಳಿನ ಲೋಡು ಹೇಳಿ ಸರಿಯಾದದ್ದನ್ನು ನೋಡಬೇಕು ಎಂದು ಇತ್ತು ಎಂದರು ಕಾಕು. ನಾನು ದಿನಾ ಕೂರುವ ಜಾಗ ಅದು.

ವಹಿ ತೆಗೆದುಕೊಟ್ಟೆ. ಅವರು ರಟ್ಟಿನ ಮೇಲೆ ಬೆರಳಾಡಿಸಿದರು.

"ಇಲ್ಲೆ ಹೆಸರಿತ್ತಲ್ಲ. ಒರಲಿ ತಿಂತೇನ?"

ನಾನು ಲೋಟದ ತಳದ ಚಹಾ ಕುಡಿದು ಮುಗಿಸಿದೆ.

ಅವರು ಎದ್ದುಹೋಗಿ ಆ ಶಾಲೆಯ ನೋಟ್‌ಬುಕ್ಕನ್ನೂ ಕೆಂಪು ಪೆನ್ನನ್ನೂ ತಂದರು. ಪುಟದ ಮೇಲೆ ಪುಟ ಕೆಂಪು ಗೆರೆಗಳು. ಏಣಿ ಬಂದಿದೆ, ಕೊಡೆ ಬಂದಿದೆ, ಇಡ್ಲಿ ಪಾತ್ರೆ ಬಂದಿದೆ. ಒಂದು ಸಾಲಿಗೆ ಮಾತ್ರ ಗೆರೆ ಇಲ್ಲ. ವಸ್ತು: ಲೋಡ್ ವಹಿ. ಎದುರಿಗೆ ನನ್ನ ಸಹಿ. ತಂದ ವೇಳೆ ಖಾಲಿ. ಷರಾದಲ್ಲಿ ಅವರ ದುಂಡನೆಯ ಅಕ್ಷರ: 'ಹುಡುಕುತ್ತಿದ್ದಾನೆ.' ಕಂಬದ ಮೇಲಿನವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುವುದು ಅವರ ಪದ್ಧತಿ.

"ಎಲ್ಲಿತ್ತೋ ತಮ್ಮಾ ಇಷ್ಟ ದಿನ?"

ಹೇಳಬೇಕೆಂದೇ ಹೋಗಿದ್ದೆ. ನಾನೂರು ಮೈಲಿ ಅದನ್ನೇ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

"ಕಪಾಟಿನ ಹಿಂದೆ ಬಿದ್ದಿತ್ತು ಕಾಕು."

"ಅವ್ರೂ ಹಂಗ ಅಂತಿದ್ರು," ಎಂದರು ಕಾಕು, ಕಣ್ಣು ಒರೆಸಿಕೊಂಡು. "ಎಲ್ಲ್ಯರ ಬಿದ್ದಿರತೈತಿ, ಹುಡುಗ ಸುಳ್ಳ ಹೇಳಾಂವಲ್ಲ ಅಂತ. ಗೆರಿ ನೀನ ಹೊಡಿ. ತಗೊಂಡಾಂವನ ಹೊಡೀಬೇಕು."

ಪೆನ್ನು ನನ್ನ ಕೈಗೆ ಕೊಟ್ಟರು. ತಂದ ವೇಳೆ ಬರೆದೆ. 'ಹುಡುಕುತ್ತಿದ್ದಾನೆ' ಎಂಬುದರ ಕೆಳಗೆ 'ಸಿಕ್ಕಿತು' ಎಂದು ಬರೆದೆ. ಗೆರೆ ಎಳೆದೆ. ಆ ನೋಟ್‌ಬುಕ್ಕಿನಲ್ಲಿ ಅಷ್ಟು ಜನರ ಅಷ್ಟು ಸಾಲುಗಳಿವೆ. ಅವುಗಳಲ್ಲಿ ಸುಳ್ಳು ಷರಾ ಇರುವುದು ಎರಡೇ. ಎರಡೂ ಒಂದೇ ಸಾಲಿನಲ್ಲಿವೆ, ಎರಡೂ ನನ್ನವು.